ಪ್ರಮಾದದ ಲೆಕ್ಕ

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ವಿಸ್ತರಿಸುತ್ತ, ಎಚ್ಚರದಿಂದ ನಡೆಯುವವನಿಂದ ಜೀವಿಯೊಂದಕ್ಕೆ ಹಾನಿಯಾದರೂ ಅವನಿಗೆ ಹಿಂಸೆಯ ದೋಷವಿಲ್ಲವೆಂದೂ, ಎಚ್ಚರಗೇಡಿಗೆ ಯಾವ ಜೀವಿ ಸಾಯದಿದ್ದರೂ ಆ ದೋಷ ತಪ್ಪದೆಂದೂ ತಿಳಿಸಿದ್ದಾರೆ. ಸ್ವಾಧ್ಯಾಯದಲ್ಲಿ ಈ ಮಾತನ್ನು ನಾವೆಲ್ಲರೂ ಹಲವು ಬಾರಿ ಕೇಳಿದವರೇ. ನೀರು ಸೋಸುವಾಗ, ಧಾನ್ಯ ಹಸನು ಮಾಡುವಾಗ ಅದು ನೆನಪಿಗೆ ಬರುತ್ತದೆ. ಆದರೆ ನಮ್ಮ ವಾಹನದ ಚಕ್ರ ಉರುಳುವಾಗ ನೆನಪಿಗೆ ಬರುತ್ತದೆಯೇ? ನನಗೆ ಬಂದಿರಲಿಲ್ಲ. ಅದನ್ನು ಕಲಿತ ಬಗೆಯನ್ನು ಶ್ರಾವಕ ಬಂಧುಗಳ ಮುಂದೆ ಆಲೋಚನೆಯ ರೂಪದಲ್ಲಿ ಇರಿಸುತ್ತಿದ್ದೇನೆ.

2011ರ ದೀಪಾವಳಿಯ ಹಿಂದಿನ ವಾರ. ಭಗವಾನ್ ಮಹಾವೀರರ ನಿರ್ವಾಣೋತ್ಸವಕ್ಕೆ ಬಸದಿಯಲ್ಲಿ ಸಿದ್ಧತೆ ನಡೆದಿತ್ತು. ನಮ್ಮ ಕಿರಾಣಿ ಸಗಟು ಅಂಗಡಿಯಲ್ಲಿ ವ್ಯಾಪಾರದ ಭರಾಟೆ. ಸಂಜೆಯೊಳಗೆ ಇನ್ನೊಂದು ಸರದಿ ಮಾಲು ಮುಟ್ಟಿಸಲೇಬೇಕೆಂದು ಚಾಲಕನನ್ನು ಅವಸರಪಡಿಸಿದವನು ನಾನು. ನಸುಗತ್ತಲೆಯಲ್ಲಿ ಊರ ಹೊರಗಿನ ತಿರುವಿನಲ್ಲಿ ನಮ್ಮ ಟೆಂಪೊ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಗಾರೆ ಕೆಲಸದವನೊಬ್ಬನಿಗೆ ತಗುಲಿತು. ಅವನ ಬಲ ಮಣಿಕಟ್ಟು ಮುರಿಯಿತು. ಚಾಲಕ ಓಡಿಹೋಗದೆ ಅವನನ್ನು ಆಸ್ಪತ್ರೆಗೆ ಸೇರಿಸಿದ. ಅಂದು ಧರ್ಮಕ್ಕೆ ಸಮನಾಗಿ ನಡೆದುಕೊಂಡವನು ಅವನೊಬ್ಬನೇ.

ಸುದ್ದಿ ತಿಳಿದು ಹೋದ ನನಗೆ ಹಿತೈಷಿಗಳು ಹೇಳಿದ್ದು ಒಂದೇ: ದೂರು ದಾಖಲಾದರೆ ಹಬ್ಬದ ಕಾಲದಲ್ಲಿ ಗಾಡಿ ಠಾಣೆಯಲ್ಲಿ ನಿಲ್ಲುತ್ತದೆ, ಅಲ್ಲಿಯೇ ಮುಗಿಸಿಬಿಡಿ. ನಾನು ಔಷಧೋಪಚಾರದ ಖರ್ಚನ್ನು ಭರಿಸಿ, ಮೇಲೆ ಐದು ಸಾವಿರ ರೂಪಾಯಿ ಕೊಟ್ಟು, ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಅವನ ಎಡಗೈ ಹೆಬ್ಬೆರಳಿನ ಗುರುತು ಪಡೆದೆ. ಬಲಗೈ ಪಟ್ಟಿಯೊಳಗಿತ್ತು. “ದೊಡ್ಡ ಮನಸ್ಸು ಸಾಹುಕಾರರೇ” ಎಂದು ಅವನು ಕೈಮುಗಿಯಲು ಹೋಗಿ, ಮುಗಿಯಲಾರದೆ ತಲೆಬಾಗಿದ. ದಾನ ಮಾಡಿದ ಸಮಾಧಾನದಿಂದ ನಾನು ಮನೆಗೆ ಬಂದೆ.

ಮೂರು ತಿಂಗಳ ಅನಂತರ ಆತನ ಹೆಂಡತಿ ನಮ್ಮ ಅಂಗಡಿಗೆ ಬಂದು ಅಕ್ಕಿಯನ್ನು ಸಾಲವಾಗಿ ಕೇಳಿದಳು. ಮೂಳೆ ಕೂಡಿದ್ದರೂ ಮಣಿಕಟ್ಟು ತಿರುಗುತ್ತಿರಲಿಲ್ಲ; ಕರಣೆ ಹಿಡಿಯಲಾಗದವನನ್ನು ಯಾವ ಮೇಸ್ತ್ರಿಯೂ ಕರೆಯುತ್ತಿರಲಿಲ್ಲ. ಅಂದು ಸಂಜೆಯ ಸ್ವಾಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳ ವಿಷಯ ಬಂದಿತು. ಹೀನಾಧಿಕ ಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ತೂಗುವುದು. ನನ್ನ ತಕ್ಕಡಿಯಲ್ಲಿ ಒಂದು ತೊಲವೂ ವ್ಯತ್ಯಾಸವಿಲ್ಲವೆಂಬ ಹೆಮ್ಮೆ ನನಗಿತ್ತು. ಆದರೆ ಒಬ್ಬನ ಬಲಗೈಯನ್ನು ಐದು ಸಾವಿರಕ್ಕೆ ತೂಗಿದ್ದೆನಲ್ಲ! ಅವನಿಗೆ ಹಕ್ಕಾಗಿ ಸಲ್ಲಬೇಕಾದುದರಲ್ಲಿ ಒಂದು ಚೂರನ್ನು ಕೊಟ್ಟು, ಅದಕ್ಕೆ ದಾನವೆಂಬ ಹೆಸರಿಟ್ಟು, ಮೇಲೆ ಕೃತಜ್ಞತೆಯನ್ನೂ ವಸೂಲು ಮಾಡಿದ್ದೆ. ಅದೇ ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವುದೂ ಒಂದು. ಅದನ್ನೂ ಮಾಡಿದ್ದೆ.

ಆ ಕಟ್ಟಳೆಯಾದರೂ ಏನು? 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನಂತೆ, ಅಪಘಾತ ಮಾಡಿದ ವಾಹನದ ಚಾಲಕನು ಗಾಯಾಳುವಿಗೆ ಚಿಕಿತ್ಸೆ ದೊರಕಿಸಬೇಕು, ಪೊಲೀಸರಿಗೆ 24 ಗಂಟೆಗಳೊಳಗೆ ತಿಳಿಸಬೇಕು, ವಿಮಾ ಸಂಸ್ಥೆಗೂ ವರದಿ ಕೊಡಬೇಕು. 166ನೆಯ ಕಲಮಿನಂತೆ ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳದ ಮಂಡಳಿಯಲ್ಲಿಯೇ ಆಗಬೇಕೆಂದಿಲ್ಲ, ತಾನು ವಾಸಿಸುವ ಊರಿನ ಮಂಡಳಿಯಲ್ಲಿಯೂ ಆದೀತು. ಸೈಕಲ್ಲಿಗೆ ವಿಮೆಯಿಲ್ಲ, ಸವಾರನಿಗೆ ಪರವಾನಗಿಯಿಲ್ಲ, ಆದುದರಿಂದ ಹಕ್ಕೂ ಇಲ್ಲವೆಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು. ಸೈಕಲ್ ಮೋಟಾರು ವಾಹನವಲ್ಲದ ಕಾರಣ ಅವೆರಡೂ ಬೇಕಿಲ್ಲ. ಡಿಕ್ಕಿ ಹೊಡೆದ ವಾಹನಕ್ಕೆ ಕಡ್ಡಾಯವಾಗಿರುವ ಮೂರನೆಯ ವ್ಯಕ್ತಿಯ ವಿಮೆಯ ರಕ್ಷಣೆ ಸವಾರನಿಗೂ ಪಾದಚಾರಿಗೂ ಸಮಾನವಾಗಿ ಸಲ್ಲುತ್ತದೆ.

ಚಾಲಕನ ಅಜಾಗರೂಕತೆಗೆ ಮಾಲೀಕನೂ ಹೊಣೆಯೆಂದು ವಕೀಲರು ವಿವರಿಸಿದಾಗ ನನಗೆ ನಮ್ಮ ಶಾಸ್ತ್ರದ ಕೃತ, ಕಾರಿತ, ಅನುಮತಗಳು ನೆನಪಾದವು. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು — ಮೂರರಿಂದಲೂ ಆಸ್ರವವುಂಟು. ಚಕ್ರವನ್ನು ತಿರುಗಿಸಿದವನು ಚಾಲಕ. ಅವಸರವನ್ನು ತುಂಬಿದವನು ನಾನು.

2012ರಲ್ಲಿ ಆತನು ಅರ್ಜಿ ಹಾಕಿದ. ನಾನು ಎದುರುದಾರನ ಸ್ಥಾನದಲ್ಲಿ ನಿಂತು ನಡೆದುದನ್ನು ನಡೆದಂತೆ ಒಪ್ಪಿಕೊಂಡೆ. ವಿಮಾ ಸಂಸ್ಥೆಯ ವಕೀಲರು ಸಂಶಯಪಟ್ಟರು: ದೂರು ತಡವಾಗಿದೆ, ಮಾಲೀಕನೇ ತಪ್ಪೊಪ್ಪುತ್ತಿದ್ದಾನೆ, ಇದು ಇಬ್ಬರೂ ಸೇರಿ ಹೂಡಿದ ಸಂಚು ಎಂದರು. ಸತ್ಯ ಹೇಳಿದವನೇ ಕಳ್ಳನಂತೆ ಕಾಣುವಷ್ಟು ನಮ್ಮ ವ್ಯವಹಾರ ಕೆಟ್ಟಿದೆ. ನಾನು ಪಡೆದಿದ್ದ ಹೆಬ್ಬೆಟ್ಟಿನ ಕಾಗದ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಕೈಹಿಡಿದದ್ದು, ಆ ರಾತ್ರಿ ಆಸ್ಪತ್ರೆಯ ದಾಖಲೆಯಲ್ಲಿ ಗಾಯದ ಕಾರಣ ವಾಹನ ಅಪಘಾತವೆಂದು ವೈದ್ಯರು ಬರೆದಿದ್ದ ಒಂದು ಸಾಲು. ಸೈಕಲ್ಲಿನ ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇರಲಿಲ್ಲವೆಂದು ಅವನ ಮೇಲೂ ಸ್ವಲ್ಪ ತಪ್ಪು ಹೊರಿಸಿ, ಪರಿಹಾರದಲ್ಲಿ ಐದನೆಯ ಒಂದು ಪಾಲನ್ನು ಮಂಡಳಿ ಕಳೆಯಿತು. ಆದರೂ ಉಳಿದದ್ದು ನಾನು ಕೊಟ್ಟದ್ದರ ಹಲವು ಪಟ್ಟು. ಅಂಗಹಾನಿಯನ್ನು ದೇಹದ ಶೇಕಡಾವಾರಿನಿಂದ ಮಾತ್ರ ಅಳೆಯದೆ ಅವನ ಕಸುಬಿನ ಮೇಲಾಗುವ ಪರಿಣಾಮದಿಂದ ಅಳೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಣ ಪ್ರಕರಣದಲ್ಲಿ 2010ರಲ್ಲಿ ಹೇಳಿತ್ತು. ಕೈ ಕಳೆದುಕೊಂಡ ಗುಮಾಸ್ತನ ನಷ್ಟವೂ ಬಡಗಿಯ ನಷ್ಟವೂ ಒಂದೇ ಅಲ್ಲ. ಇದು ಸರಿಯಾದ ತಕ್ಕಡಿ.

ಅನಂತರ ಕಾನೂನು ಕೆಲವು ಬದಲಾವಣೆಗಳನ್ನು ಕಂಡಿದೆ. ಪ್ರತಿಯೊಂದು ಕುಟುಂಬವೂ ಅವನ್ನು ತಿಳಿದಿರುವುದು ಒಳ್ಳೆಯದು. 2019ರ ತಿದ್ದುಪಡಿಯು ಪರಿಹಾರದ ಅರ್ಜಿಗೆ ಆರು ತಿಂಗಳ ಅವಧಿಯನ್ನು ಹಾಕಿರುವುದರಿಂದ ವಿಳಂಬ ಸಲ್ಲದು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ, 2022ರಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವುಂಟು. 2025ರ ಯೋಜನೆಯಂತೆ, ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ ದಾರಿಹೋಕನಿಗೆ 134ಎ ಕಲಮಿನ ರಕ್ಷಣೆಯಿದೆ. ತನ್ನ ಹೆಸರನ್ನು ಹೇಳಬೇಕೆಂದು ಅವನನ್ನು ಬಲಾತ್ಕರಿಸುವಂತಿಲ್ಲ. ಠಾಣೆಯ ಅಲೆದಾಟಕ್ಕೆ ಹೆದರಿ ಮುಖ ತಿರುಗಿಸಿದೆನೆಂಬ ನೆವ ನಮಗೆ ಇನ್ನುಳಿದಿಲ್ಲ.

ಗಾಯಾಳುವಿನ ಮನೆಯವರು ಮಾಡಬೇಕಾದದ್ದೂ ಇದೆ. ಸಾಧ್ಯವಾದರೆ ವಾಹನದ ಸಂಖ್ಯೆಯನ್ನೂ ಕಂಡವರ ಹೆಸರನ್ನೂ ಬರೆದಿಟ್ಟುಕೊಳ್ಳಲಿ. ವೈದ್ಯರಿಗೆ ಗಾಯದ ನಿಜ ಕಾರಣವನ್ನೇ ಹೇಳಲಿ. ಔಷಧಿಯ ಚೀಟಿಗಳನ್ನೂ ಜಖಂಗೊಂಡ ಸೈಕಲ್ಲಿನ ಚಿತ್ರವನ್ನೂ ಇರಿಸಿಕೊಳ್ಳಲಿ. ಅವಸರದಲ್ಲಿ ಯಾವ ಕಾಗದಕ್ಕೂ ರುಜು ಹಾಕದಿರಲಿ.

ಸೈಕಲ್ ಸವಾರನೂ ಅಪ್ರಮಾದಿಯಾಗಬೇಕೆಂಬುದು ದಿಟ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಹಗಲಿನಲ್ಲಿ ನಡೆಯಬೇಕೆಂಬ ಈರ್ಯಾಸಮಿತಿ ಮುನಿಗಳ ಆಚಾರವಾದರೂ ಅದರ ಭಾವ ನಮಗೂ ಹೊಂದುತ್ತದೆ. ಹೆಡ್‌ಲೈಟಿನ ಬೆಳಕಿನಲ್ಲಿ ಓಡುವವನಿಗೆ ನಾಲ್ಕು ಮೊಳ ಸಾಲದು. ವೇಗ ಹೆಚ್ಚಿದಷ್ಟೂ ದೃಷ್ಟಿ ದೂರ ಹೋಗಬೇಕು, ಹೊಣೆಯೂ ಅಷ್ಟೇ ಬೆಳೆಯಬೇಕು. ಹೆದ್ದಾರಿಗಳಲ್ಲಿ ಬರಿಗಾಲಿನಲ್ಲಿ ವಿಹರಿಸುವ ನಮ್ಮ ತ್ಯಾಗಿಗಳು ವಾಹನಗಳಿಗೆ ಸಿಕ್ಕಿದ ಸುದ್ದಿ ಬಂದಾಗ ಸಮಾಜವೆಲ್ಲ ಕಂಬನಿ ಮಿಡಿಯುತ್ತದೆ. ಅದೇ ರಸ್ತೆಯ ಅಂಚಿನಲ್ಲಿ ಸೈಕಲ್ ತುಳಿಯುವ ಕೂಲಿಯವನ ಜೀವವೂ ಜೀವವೇ.

ನಮ್ಮ ಟ್ರಸ್ಟುಗಳು ಯಾತ್ರೆಯ ವಾಹನಗಳನ್ನು ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ವಿಚಾರಿಸದೆ ವಿಮೆ, ಚಾಲಕನ ಪರವಾನಗಿ, ಅವನ ವಿಶ್ರಾಂತಿಯ ವೇಳೆಗಳನ್ನು ವಿಚಾರಿಸಲಿ. ಪರ್ಯೂಷಣದ ದಾನದಲ್ಲಿ ಒಂದು ಭಾಗವು ಊರಿನ ಸೈಕಲ್ಲುಗಳಿಗೆ ಕೆಂಪು ಪ್ರತಿಫಲಕ ಹಾಕಿಸಲು ಹೋಗಲಿ. ಸಮಾಜದ ವಕೀಲರು ತಿಂಗಳಿಗೊಂದು ಸಂಜೆ ಬಸದಿಯ ಪ್ರಾಂಗಣದಲ್ಲಿ ಕುಳಿತು, ಜಾತಿಮತ ನೋಡದೆ ಗಾಯಾಳುಗಳಿಗೆ ಸಲಹೆ ಕೊಡಲಿ. ಅಭಯದಾನಕ್ಕೆ ಇಂದಿನ ಕಾಲದಲ್ಲಿ ಇದೂ ಒಂದು ಅರ್ಥ.

ವಿಮೆಯ ಹಣ ಬಂದಿತೆಂದು ನನ್ನ ಖಾತೆ ತೀರಿತೇ? ಇಲ್ಲ. ನ್ಯಾಯಮಂಡಳಿ ತೀರಿಸಿದ್ದು ನಷ್ಟದ ಲೆಕ್ಕವನ್ನು. ಪ್ರಮಾದದ ಲೆಕ್ಕವಿರುವುದು ಬೇರೆಯ ವಹಿಯಲ್ಲಿ. ಆತನು ಈಗ ಹಳ್ಳಿಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು, ನಮ್ಮಲ್ಲಿಂದಲೇ ಮಾಲು ಒಯ್ಯುತ್ತಾನೆ. ಎಡಗೈಯಿಂದ ಹಣ ಎಣಿಸಿ ಕೊಡುತ್ತಾನೆ. ನಮ್ಮ ವ್ಯವಹಾರದಲ್ಲಿ ಎಡಗೈಯಿಂದ ಹಣ ಕೊಡುವುದು ಸಲ್ಲದೆಂದು ಹೊಸದಾಗಿ ಸೇರಿದ ಹುಡುಗನೊಬ್ಬ ಒಮ್ಮೆ ಆಕ್ಷೇಪಿಸಿದ. ನಾನು ಎದ್ದುಹೋಗಿ ಎರಡೂ ಕೈಗಳಲ್ಲಿ ಆ ಹಣವನ್ನು ತೆಗೆದುಕೊಂಡೆ. ಪ್ರತಿಕ್ರಮಣದಲ್ಲಿ ಕುಳಿತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ಕೈಯೇ.