‘ನಾವು’ ಎಂಬ ಕರ್ತೃಪದ

ಒಂದು ರಾಜ್ಯವು ದೈವದ ಹೆಸರಿನಲ್ಲಿ ಸ್ಥಾಪಿತವಾದುದೊ ಲೌಕಿಕವಾದ ತಳಹದಿಯ ಮೇಲೆ ನಿಂತುದೊ ಎಂಬ ಪ್ರಶ್ನೆ ಎದ್ದಾಗಲೆಲ್ಲ, ಅದನ್ನು ಕಟ್ಟಿದವರು ಆಸ್ತಿಕರೊ ನಾಸ್ತಿಕರೊ ಎಂದು ಅವರ ದೇವರಮನೆಗಳನ್ನು ಇಣಿಕಿನೋಡುವುದು ರೂಢಿಯಾಗಿಬಿಟ್ಟಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಆಳುವ ಅಧಿಕಾರವು ತನಗೆ ಯಾರಿಂದ ಬಂದಿತೆಂದು ಆ ರಾಜ್ಯ ಹೇಳಿಕೊಳ್ಳುತ್ತದೆ, ಮತ್ತು ಪ್ರಜೆಯ ಹಕ್ಕುಬಾಧ್ಯತೆಗಳನ್ನು ಅವನ ಶ್ರದ್ಧೆಯನ್ನು ನೋಡಿ ಅಳೆಯುತ್ತದೆಯೆ?

1949ರ ಅಕ್ಟೋಬರ್ 17ರಂದು ನಮ್ಮ ಸಂವಿಧಾನ ರಚನಾ ಸಭೆಯು ಪ್ರಸ್ತಾವನೆಯನ್ನು ಕೈಗೆತ್ತಿಕೊಂಡಾಗ, ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು ತೊರೆದು ದೇಶಸೇವೆಗಿಳಿದಿದ್ದ ಹರಿ ವಿಷ್ಣು ಕಾಮತರು, ‘ಭಾರತದ ಜನತೆಯಾದ ನಾವು’ ಎಂಬುದಕ್ಕೆ ಮೊದಲು ‘ದೇವರ ಹೆಸರಿನಲ್ಲಿ’ ಎಂಬ ಮಾತು ಸೇರಬೇಕೆಂದು ತಿದ್ದುಪಡಿ ತಂದರು. ಇಷ್ಟದೈವವನ್ನು ಸ್ಮರಿಸದೆ ಗ್ರಂಥವನ್ನಾರಂಭಿಸದ ನಾಡಿನಲ್ಲಿ ಅದು ಸಹಜವಾದ ಅಪೇಕ್ಷೆಯೇ ಸರಿ. ಆದರೆ ಕಾಮರೂಪದ ರೋಹಿಣಿ ಕುಮಾರ ಚೌಧುರಿಯವರು ದೇವಿಯ ಹೆಸರೂ ಬರಲೆಂದರು. ಪಟ್ಟಂ ತಾಣು ಪಿಳ್ಳೆಯವರು, ನಂಬುವ ಅಥವಾ ನಂಬದಿರುವ ಹಕ್ಕನ್ನು ಕೊಟ್ಟಮೇಲೆ ಇದು ಶ್ರದ್ಧೆಯ ವಿಷಯದಲ್ಲಿ ಬಲಾತ್ಕಾರವಾಗದೆ ಎಂದು ಕೇಳಿದರು. ದೇವರನ್ನು ಓಟಿಗೆ ಹಾಕುವ ಸಂಕಟಕ್ಕೆ ಸಭೆಯನ್ನು ದೂಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಮಣಿಯಲಿಲ್ಲ. ಪರವಾಗಿ 41, ವಿರುದ್ಧವಾಗಿ 68.

ಇದನ್ನು ನಾಸ್ತಿಕತೆಯ ಗೆಲವೆಂದು ಓದುವುದು ದೊಡ್ಡ ಪ್ರಮಾದ. ದೇವರಿದ್ದಾನೆಯೆ ಎಂಬ ಚರ್ಚೆ ಅಲ್ಲಿ ನಡೆಯಲೇ ಇಲ್ಲ. ‘ನಾವು’ ಎಂಬ ಕರ್ತೃಪದದೊಳಗೆ ದೇವರನ್ನು ನಂಬುವವನೂ ನಂಬದವನೂ, ಶ್ರವಣಬೆಳಗೊಳದ ಬೆಟ್ಟವೇರಿ ಕೈಮುಗಿದರೂ ಸೃಷ್ಟಿಕರ್ತನನ್ನು ಒಪ್ಪದ ಜೈನನೂ ಅಡಗಿರುವಾಗ, ಅವರೆಲ್ಲರ ಬಾಯಲ್ಲಿ ಒಂದೇ ಪ್ರಾರ್ಥನೆಯನ್ನಿಡುವ ಅಧಿಕಾರ ಯಾರಿಗಿದೆ? ಅದೇ ವರ್ಷದ ಮಾರ್ಚ್ 12ರಂದು ಪಾಕಿಸ್ತಾನದ ಸಭೆ ಅಂಗೀಕರಿಸಿದ ಧ್ಯೇಯನಿರ್ಣಯದಲ್ಲಿ ಪರಮಾಧಿಕಾರವು ಅಲ್ಲಾಹನದು. ಐರ್ಲೆಂಡಿನ 1937ರ ಸಂವಿಧಾನ ಪವಿತ್ರ ತ್ರಯೈಕ್ಯದ ಹೆಸರಿನಿಂದ ಮೊದಲಾಗುತ್ತದೆ. ನಮ್ಮದರಲ್ಲಿ ಕೊಡುವವರೂ ಪಡೆಯುವವರೂ ಜನರೇ.

‘ಸೆಕ್ಯುಲರ್’ ಎಂಬ ಪದವು ಪ್ರಸ್ತಾವನೆಗೆ ಬಂದುದು 1976ರ 42ನೆಯ ತಿದ್ದುಪಡಿಯಿಂದ, 1948ರಲ್ಲಿ ಕೆ. ಟಿ. ಷಾ ಅವರು ಅದನ್ನು ಒಂದನೆಯ ವಿಧಿಯಲ್ಲಿ ಸೇರಿಸಹೋದಾಗ ಸಭೆ ಒಪ್ಪಲಿಲ್ಲವೆಂಬುದೂ ನಿಜ. ಪದವಿರಲಿಲ್ಲವೆಂದು ಪದಾರ್ಥವೂ ಇರಲಿಲ್ಲವೆನ್ನಲಾಗದು; ಯಾವುದೊಂದು ಮತದ ಪೋಷಣೆಗಾಗಿ ತೆರಿಗೆ ತೆರುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ 27ನೆಯ ವಿಧಿ ಮೊದಲಿನಿಂದಲೂ ಇದ್ದಿತು. ಹಾಗೆಂದು ಗುಡಿಗೂ ಕಚೇರಿಗೂ ನಡುವೆ ಗೋಡೆಯೆದ್ದಿಲ್ಲ: ನಮ್ಮ ಮುಜರಾಯಿ ಇಲಾಖೆಯಿಂದ ತಸ್ತೀಕಿನ ಹಣವನ್ನು ಪಡೆಯುವ ಹಳ್ಳಿಯ ಅರ್ಚಕನಿಗೆ ಸರ್ಕಾರವು ದೂರದ ವಸ್ತುವಲ್ಲ. ಇನ್ನು ‘ಸೆಕ್ಯುಲರ್’ ಎಂಬುದಕ್ಕೆ ‘ಧರ್ಮನಿರಪೇಕ್ಷ’ ಎಂಬ ಅನುವಾದ ನನಗೆ ಒಪ್ಪದು. ಕರ್ತವ್ಯವೆಂಬರ್ಥವೂ ಉಳ್ಳ ಧರ್ಮವನ್ನು ಯಾವ ರಾಜ್ಯ ತಾನೆ ಉಪೇಕ್ಷಿಸೀತು? ‘ಮತನಿರಪೇಕ್ಷ’ ಎನ್ನುವುದು ಲೇಸು. ಶ್ರದ್ಧೆಗೂ ಓಟಿಗೂ ಕನ್ನಡದಲ್ಲಿ ‘ಮತ’ವೆಂಬ ಒಂದೇ ಹೆಸರು, ಎರಡೂ ಒಬ್ಬೊಬ್ಬನು ತಾನೇ ಆಲೋಚಿಸಿ ತಳೆಯುವಂಥವು.

ಅಂದು ಪ್ರಸ್ತಾವನೆಯಿಂದ ಹೊರಗುಳಿದ ಮಾತು ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ಮಂತ್ರಿಯಾಗುವವನ ಪ್ರಮಾಣವಚನವು ‘ನಾನು’ ಎಂದು ಮೊದಲಾಗುತ್ತದೆ; ಅದರೊಳಗೆ ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ’, ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂಬ ಎರಡು ಪಾಠಗಳಿದ್ದು, ರಾಜ್ಯಪಾಲರ ಮುಂದೆ ನಿಂತವನು ತನಗೆ ಸಲ್ಲುವುದನ್ನು ತಾನೇ ಆರಿಸಿ ಓದುತ್ತಾನೆ.