ವಿದ್ಯಾರ್ಥಿಯ ಸಂಕಲ್ಪವೂ ಕಾಲವಿನಿಯೋಗವೂ

ಪೂಜಾರಂಭದಲ್ಲಿ ಅರ್ಚಕರು ಸಂಕಲ್ಪ ಮಾಡಿಸುವುದನ್ನು ಆಸ್ತಿಕರೆಲ್ಲರೂ ಬಲ್ಲರು. ದೇಶವನ್ನು ಹೇಳಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ಸ್ಮರಿಸಿ, ಕರ್ತೃವಿನ ಗೋತ್ರನಾಮಗಳನ್ನು ಉಚ್ಚರಿಸಿ, ಕಡೆಗೆ ಇಂಥ ಕರ್ಮವನ್ನು ಮಾಡುವೆನೆಂದು ನುಡಿದು ನೀರು ಬಿಡುವುದು ಅದರ ಕ್ರಮ. “ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ” ಎಂಬ ವಿದ್ಯಾರ್ಥಿಯ ಮಾತಿನಲ್ಲಾದರೋ ಕಾಲವೂ ಇಲ್ಲ, ಕರ್ಮವೂ ಇಲ್ಲ. “ಈ ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಏಳುವುದರೊಳಗೆ, ಬೀಜಗಣಿತದ ಹತ್ತು ಲೆಕ್ಕಗಳನ್ನು ಮಾಡುತ್ತೇನೆ” ಎಂದರೆ ಅದು ಸಂಕಲ್ಪ.

ಫಲಾಪೇಕ್ಷೆಯನ್ನು ಬಿಡಬೇಕೆಂದು ಗೀತಾಚಾರ್ಯನು ಬೋಧಿಸಿರುವಾಗ ಗುರಿಯನ್ನಿಟ್ಟುಕೊಳ್ಳುವುದು ಯುಕ್ತವೇ ಎಂದು ಕೆಲವರು ಶಂಕಿಸಬಹುದು. ನೂರಕ್ಕೆ ಎಷ್ಟು ಅಂಕ ಬರುವುದೆಂಬುದು ಪ್ರಶ್ನೆಪತ್ರಿಕೆ, ಪರೀಕ್ಷಕರು, ಅಂದಿನ ದೇಹಸ್ಥಿತಿ ಇವುಗಳನ್ನೂ ಅವಲಂಬಿಸಿದೆ. ಹತ್ತು ಲೆಕ್ಕಗಳು ಮಾತ್ರ ವಿದ್ಯಾರ್ಥಿಯ ಕೈಯಲ್ಲಿವೆ. ಗುರಿಯನ್ನು ಕರ್ಮದ ಮೇಲಿಟ್ಟವನಿಗೆ ಗೀತೆಯೊಡನೆ ಜಗಳವಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ಕುಟುಂಬಗಳಿಗೆ ಇದನ್ನು ಮಗ್ಗವೇ ಹೇಳಿಕೊಡುತ್ತದೆ. ಹಾಸನ್ನು ಹೂಡುವಾಗಲೇ ಉದ್ದ ನಿಶ್ಚಯವಾಗಿರುತ್ತದೆ. ಹೊಕ್ಕಾದರೋ ಲಾಳಿ ಓಡಿದಂತೆ ಒಂದೊಂದೇ ಎಳೆಯಾಗಿ ಸೇರಬೇಕು. ಹಬ್ಬದ ಹಿಂದಿನ ರಾತ್ರಿ ಕುಳಿತು ಪೂರಾ ಸೀರೆಯನ್ನು ನೇಯ್ದುಬಿಡುವೆನೆನ್ನುವ ನೇಕಾರನನ್ನು ಕಂಡು ಮನೆಯವರೇ ನಗುವರು. ಪರೀಕ್ಷೆಯ ಹಿಂದಿನ ರಾತ್ರಿ ವರ್ಷದ ಪಾಠಕ್ಕೆ ಕೂರುವ ಹುಡುಗನನ್ನು ಮಾತ್ರ ಅದೇ ಮನೆಯವರು ಶ್ರಮಜೀವಿಯೆಂದು ಹೊಗಳುವರು!

ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದುಂಟು: ವಿದ್ಯಾರ್ಥಿಯ ಕಾಲ ಯಾರದು? 1953ರಲ್ಲಿ ರಾಜಾಜಿಯವರ ಮದರಾಸು ಸರ್ಕಾರವು ಗ್ರಾಮಗಳ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ವೇಳೆಯಲ್ಲಿ ಮನೆಯ ಕಸುಬು ಎಂಬ ಯೋಜನೆಯನ್ನು ತಂದಿತು. ಎರಡು ಪಾಳಿಯಲ್ಲಿ ಶಾಲೆ ನಡೆದರೆ ಹೆಚ್ಚು ಮಕ್ಕಳಿಗೆ ಸ್ಥಳ ದೊರೆಯುವುದೆಂಬ ಸದುದ್ದೇಶ ಅದರಲ್ಲಿದ್ದಿತು. ಆದರೆ ನೇಕಾರನ ಮಗ ನೇಕಾರನಾಗಿಯೇ ಉಳಿಯಬೇಕೆಂಬುದು ಅದರ ಅರ್ಥವೆಂದು ‘ಕುಲಕಲ್ವಿ’ ಎಂಬ ಹೆಸರಿಟ್ಟು ಜನರು ಪ್ರತಿಭಟಿಸಿದರು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದ ಮೇಲೆ ಅದು ರದ್ದಾಯಿತು; ಆದದ್ದು ಒಳ್ಳೆಯದೇ. ಸರ್ಕಾರವೇನೋ ಕೈಬಿಟ್ಟಿತು, ಮನೆಗಳು ಕೈಬಿಟ್ಟಿವೆಯೆ? ಪುಸ್ತಕ ಬಿಚ್ಚಿದ ಹುಡುಗಿಯನ್ನು ಕಂಡಿಕೆ ಸುತ್ತಲು ಕರೆಯುವುದು, ಹುಡುಗನನ್ನು ಅಂಗಡಿಗೆ ಅಟ್ಟುವುದು, ಆಮೇಲೆ ಅಂಕ ಸಾಲದೆಂದು ಗದರಿಸುವುದು ನ್ಯಾಯವೆನಿಸದು. ಮನೆಗೆಲಸ ಕಲಿಯಬಾರದೆಂದಲ್ಲ, ಅದಕ್ಕೊಂದು ವೇಳೆ, ಓದಿಗೊಂದು ವೇಳೆ ಗೊತ್ತಾಗಿರಬೇಕು, ಮಗಳಿಗೂ ಮಗನಿಗೂ ಸಮನಾಗಿ.

ಹಾಗೆ ಬಿಟ್ಟುಕೊಟ್ಟ ವೇಳೆಯು ತಾಯಿಯ ಕೈಗೆ ಹೆಚ್ಚಿದ ಕೆಲಸವೆಂಬುದನ್ನು ಮಕ್ಕಳೂ ಅರಿಯಬೇಕು. ದಿನಕ್ಕೆ ಅರವತ್ತು ಘಳಿಗೆ, ಘಳಿಗೆಗೆ 24 ನಿಮಿಷ. ಇದರಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲ. ಹಣದ ಲೆಕ್ಕದಲ್ಲಿ ಉಳಿಕೆಯನ್ನು ಮುಂದಿನ ಪುಟಕ್ಕೆ ಒಯ್ಯಬಹುದು, ಕಾಲದ ಲೆಕ್ಕದಲ್ಲಿ ಆ ಸೌಕರ್ಯವಿಲ್ಲ. ಅಂಗೈಯ ಫೋನಿನಲ್ಲಿ ಕಳೆದ ಎರಡು ಘಳಿಗೆಯನ್ನು ಯಾವ ಖಾತೆಗೆ ಬರೆಯುವುದು?

ಸರ್ಕಾರಿ ಪರೀಕ್ಷೆಗಳು ಮಾರ್ಚಿ-ಏಪ್ರಿಲ್ ತಿಂಗಳಲ್ಲಿ, ಯುಗಾದಿಯ ಆಸುಪಾಸಿನಲ್ಲಿಯೇ ಬರುತ್ತವೆ. ಉತ್ಸವಕ್ಕೆ ಬಾರದೆ ಮನೆಯಲ್ಲಿ ಓದುತ್ತ ಕುಳಿತ ಮಗುವಿಗೆ ಭಕ್ತಿ ಕಡಮೆಯೆಂದು ಹಿರಿಯರು ಆಡಿಕೊಳ್ಳಬೇಕಾಗಿಲ್ಲ. ಪ್ರಸಾದವನ್ನು ಮನೆಗೆ ಕಳುಹಿಸಿದರಾಯಿತು.