ಸತ್ತವನು ಯಾರು ಅಂತ ಹೇಳಿದವರು ಯಾರು?

"ಹೊಡೆದದ್ದೇ ಸರಿ" ಅನ್ನೋ ಮಾತು ನಮ್ಮ ಬಾಯಿಗೆ ಬಹಳ ಬೇಗ ಬರುತ್ತೆ. 'ಶೂಟ್ ಟು ಕಿಲ್' ಅನ್ನೋ ಹಳೆಯ ಬ್ರಿಟಿಷ್ ಟಿವಿ ನಾಟಕವನ್ನು ನಮ್ಮ ರೂಮಿನಲ್ಲಿ ನಾಲ್ಕು ಜನ ಕೂತು ನೋಡಿದಾಗಲೂ ಮೊದಲು ಬಂದದ್ದು ಅದೇ. 1990ರ ಜೂನ್‌ನಲ್ಲಿ ಯಾರ್ಕ್‌ಶೈರ್ ಟೆಲಿವಿಷನ್‌ನವರು ಎರಡು ರಾತ್ರಿ ಪ್ರಸಾರ ಮಾಡಿದ, ನಡೆದ ಘಟನೆಗಳ ಮೇಲೆ ಕಟ್ಟಿದ ನಾಟಕ. ಉತ್ತರ ಐರ್ಲೆಂಡಿನ ಕ್ಯಾಥೊಲಿಕ್–ಪ್ರಾಟೆಸ್ಟಂಟ್ ಸಂಘರ್ಷದ ಕಾಲ. 1982ರ ಅಕ್ಟೋಬರ್‌ನಲ್ಲಿ ಬಾಂಬ್ ಸಿಡಿದು ಮೂವರು ಪೊಲೀಸರು ಸಾಯುತ್ತಾರೆ. ಮುಂದಿನ ಎರಡು ತಿಂಗಳಲ್ಲಿ ಪೊಲೀಸರ ವಿಶೇಷ ದಳ ಮೂರು ಕಡೆ ಆರು ಜನರನ್ನು ಗುಂಡಿಕ್ಕಿ ಕೊಲ್ಲುತ್ತೆ.

"ಪೊಲೀಸ್ರು ಸತ್ತಾಗ ಯಾರೂ ಕೇಳಂಗಿಲ್ಲ ಬಿಡ್ಲೇ" ಅಂದ ಮುದ್ದೇಬಿಹಾಳದ ಗೆಳೆಯ. ಬೆಂಗಳೂರಿನವನೇ ಆದ ಇನ್ನೊಬ್ಬ, "ಉಗ್ರರಿಗೆಲ್ಲ ಎಂಥ ಕೋರ್ಟು?" ಅಂದ. ಅಷ್ಟರಲ್ಲಿ ಹುಲ್ಲಿನ ಶೆಡ್ಡಿನ ಪ್ರಸಂಗ ಬಂತು. ಅಲ್ಲಿ ಸತ್ತವನು ಮೈಕೆಲ್ ಟೈ, 17 ವರ್ಷದ ಹುಡುಗ. ಯಾವ ಉಗ್ರ ಸಂಘಟನೆಗೂ ಸೇರಿದವನಲ್ಲ. ಶೆಡ್ಡಿನಲ್ಲಿ ಸಿಕ್ಕಿದ್ದು ಹಳೆಯ ರೈಫಲ್‌ಗಳು, ಅದಕ್ಕೆ ಗುಂಡೇ ಇರಲಿಲ್ಲ. ಆ ಶೆಡ್ಡಿನಲ್ಲಿ ಗುಪ್ತಚರರು ಮೊದಲೇ ಮೈಕ್ರೋಫೋನ್ ಅಡಗಿಸಿಟ್ಟಿದ್ದರು. ಗುಂಡು ಹಾರಿಸುವ ಮೊದಲು ಪೊಲೀಸರು ಎಚ್ಚರಿಕೆ ಕೊಟ್ಟರೋ ಇಲ್ಲವೋ ಅಂತ ಆ ಟೇಪ್ ಕೇಳಿದ್ದರೆ ಗೊತ್ತಾಗ್ತಿತ್ತು. ತನಿಖೆಗೆ ಬಂದ ಮ್ಯಾಂಚೆಸ್ಟರಿನ ಅಧಿಕಾರಿ ಜಾನ್ ಸ್ಟಾಕರ್ ಅದನ್ನು ಕೇಳೀ ಕೇಳೀ ಸಾಕಾದರು. 1986ರಲ್ಲಿ ಅವರನ್ನೇ ತನಿಖೆಯಿಂದ ತೆಗೆದರು.

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮುದ್ದೇಬಿಹಾಳದವನೇ, "ಒಬ್ಬ ಸಣ್ಣ ಹುಡುಗ ಸತ್ತ ಅಂತ ಉಳಿದವ್ರೆಲ್ಲ ಸಾಚಾ ಆಗ್ತಾರೇನು?" ಅಂತ ಕೇಳಿದ. ಆಗೋದಿಲ್ಲ, ನಿಜ. ಆದರೆ ನನಗೆ ಅಂಟಿಕೊಂಡ ಪ್ರಶ್ನೆ ಬೇರೆ. ಉಳಿದವರು ಸಾಚಾ ಅಲ್ಲ ಅಂತ ನಮಗೆ ಹೇಳಿದವರು ಯಾರು?

ನಮ್ಮ ಮಾಮೂಲಿ ಪೊಲೀಸ್ ಸಿನಿಮಾದಲ್ಲಿ ಈ ಪ್ರಶ್ನೆ ಹುಟ್ಟೋದೇ ಇಲ್ಲ. ಖಳನಾಯಕ ಕೊಲೆ ಮಾಡೋದನ್ನ ನಾವೇ ಕಣ್ಣಾರೆ ನೋಡಿರ್ತೀವಿ. ಇಂಟರ್ವಲ್ ಆದಮೇಲೆ ಹೀರೋ ಅವನಿಗೆ ಗುಂಡು ಹೊಡೆದಾಗ ಶಿಳ್ಳೆ ಹಾಕೋದು ಒಂದು ಲೆಕ್ಕದಲ್ಲಿ ತಪ್ಪಲ್ಲ, ಯಾಕಂದರೆ ನಾವೇ ಸಾಕ್ಷಿ. ಆದರೆ ಆ ಶಿಳ್ಳೆಯನ್ನೇ ತಂದು ಪೇಪರಿನ ಸುದ್ದಿಗೂ ಹಾಕ್ತೀವಿ. ಅಲ್ಲಿ ನಾವು ಏನನ್ನೂ ನೋಡಿಲ್ಲ. ನೋಡಿದ್ದೀವಿ ಅನ್ನೋ ಭ್ರಮೆ ಮಾತ್ರ ಸಿನಿಮಾದಿಂದ ಉಳಿದಿರುತ್ತೆ. ಗುಂಡು ಹೊಡೆದವರೇ ಸತ್ತವನ ಕಥೆಯನ್ನೂ ಹೇಳ್ತಾರೆ, ಎದುರು ಮಾತಾಡಬೇಕಾದವನು ಮಾತಾಡೋ ಸ್ಥಿತಿಯಲ್ಲಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಲಾಗ್ ಅಳಿಸಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ.

2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿ ಆವರಣದಲ್ಲಿ ಪಾಕಿಸ್ತಾನದ ಧ್ವಜ ಹಾರಿತು. ಪ್ರತಿಭಟನೆ, ಬಸ್ಸುಗಳ ಮೇಲೆ ಕಲ್ಲು. ಯಾರ ಕೆಲಸ ಅಂತ ನಮ್ಮ ಕಡೆ ಚಹಾದಂಗಡಿಯಲ್ಲಿ ಕೂತವರೆಲ್ಲ ಮಧ್ಯಾಹ್ನದೊಳಗೇ ತೀರ್ಪು ಕೊಟ್ಟಾಗಿತ್ತು. ಕೆಲವೇ ದಿನದಲ್ಲಿ ಪೊಲೀಸರು ಆರು ಯುವಕರನ್ನು ಬಂಧಿಸಿದರು. ಅವರು ಹಿಂದೂಪರ ಸಂಘಟನೆಯ ನಂಟಿದ್ದವರು, ಕೋಮುಗಲಭೆ ಎಬ್ಬಿಸಲು ಹೀಗೆ ಮಾಡಿದರು ಅನ್ನೋದು ಪೊಲೀಸರು ಹೊರಿಸಿದ ಆರೋಪ. ಆವತ್ತಿನ ಸಿಟ್ಟಿನಲ್ಲಿ ಯಾವನೋ ಒಬ್ಬ ಮುಸ್ಲಿಂ ಹುಡುಗ ಪೊಲೀಸರ ಗುಂಡಿಗೆ ಸತ್ತಿದ್ದರೆ? ಧ್ವಜ ಹಾರಿಸಿದವನು ಇವನೇ ಅಂತ ಒಂದು ಪ್ರಕಟಣೆ ಬಂದಿದ್ದರೆ ಸಾಕಿತ್ತು. ಅದರಾಚೆ ಯಾರೂ ಯಾರನ್ನೂ ಹುಡುಕ್ತಿರಲಿಲ್ಲ. ಇಡೀ ತಾಲೂಕು ಚಪ್ಪಾಳೆ ತಟ್ಟಿರೋದು. (ಪಕ್ಕದಲ್ಲೇ ಬಸವನ ಬಾಗೇವಾಡಿ ಇದೆ, ಇಲ್ಲೊಂದು ವಚನ ಹಾಕಿದರೆ ಲೇಖನ ಚಂದ ಕಾಣ್ತಿತ್ತು. ಎನ್‌ಕೌಂಟರ್‌ಗೆ ಚಪ್ಪಾಳೆ ತಟ್ಟೋ ಸ್ಟೇಟಸ್‌ಗಳ ಕೆಳಗೂ ಅದೇ ವಚನ ನೋಡಿದ್ದೀನಿ, ಹಾಗಾಗಿ ಬಿಡ್ತೀನಿ.)

ನಮ್ಮ ಇಂಡಿ ಕಡೆಯದು ಧರ್ಮದ ಜಗಳ ಅಲ್ಲ, ಮನೆತನಗಳ ಹಗೆ. ಬೆಂಗಳೂರಲ್ಲಿ ಊರು ಇಂಡಿ ಅಂದರೆ ಸಾಕು, "ಓ, ಭೀಮಾ ತೀರ!" ಅಂತ ಹುಬ್ಬು ಹಾರಿಸ್ತಾರೆ, ನಿಂಬೆಹಣ್ಣಿನ ಹೆಸರು ಎತ್ತೋದಿಲ್ಲ. 2017ರ ಅಕ್ಟೋಬರ್ 30ರಂದು ಕೊಂಕಣಗಾಂವದಲ್ಲಿ ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಸತ್ತ. ದಾಳಿಗೆ ಹೋದಾಗ ಅವನೇ ಮೊದಲು ಗುಂಡು ಹಾರಿಸಿದ ಅಂದರು ಪೊಲೀಸರು. ಪಿಎಸ್‌ಐಗೆ ಎಲ್ಲ ಕಡೆಯಿಂದ ಶಹಬ್ಬಾಸ್‌ಗಿರಿ. ಅದೇ ದಿನದಿಂದ ಧರ್ಮರಾಜನ ತಮ್ಮ ಗಂಗಾಧರ ಕಾಣೆ. ಮರುವರ್ಷ ಸಿಐಡಿ ತನಿಖೆಯಲ್ಲಿ ಅದೇ ಪಿಎಸ್‌ಐ ಮತ್ತು ಕೆಲವು ಪೊಲೀಸರು ಬಂಧನಕ್ಕೊಳಗಾದರು. ಗಂಗಾಧರನನ್ನು ಹಿಡಿದು ಎದುರು ಪಾರ್ಟಿಯ ಕೈಗೆ ಕೊಟ್ಟರು, ಅವರು ಅವನನ್ನು ಕೊಂದು ಭೀಮೆಗೆ ಎಸೆದರು ಅನ್ನೋದು ಆರೋಪ.

ಧರ್ಮರಾಜ ಒಳ್ಳೆಯವನಾಗಿದ್ದ ಅಂತ ನಾನು ಹೇಳ್ತಿಲ್ಲ. ಅವನ ಹೆಸರು ಕೇಳಿ ಅಂಗಡಿ ಬಾಗಿಲು ಹಾಕಿದವರನ್ನು ಬಲ್ಲೆ. ಇದನ್ನೆಲ್ಲ ಊರಲ್ಲಿ ನಮ್ಮ ಕಾಕಾನ ಮುಂದೆ ಹೇಳಿದಾಗ ಅವರು ಸಿಟ್ಟಾದರು. "ತಮ್ಮಾ, ನೀ ಬೆಂಗಳೂರಾಗ ಎಸಿಯೊಳಗ ಕುಂತು ಮಾತಾಡಾಕತ್ತಿ. ಇಲ್ಲಿ ಖೂನಿ ಕಣ್ಣಾರೆ ಕಂಡವ ಸೈತ ಕೋರ್ಟಿನ್ಯಾಗ ನಾ ಏನೂ ನೋಡಿಲ್ರಿ ಅಂತಾನ. ಮಕ್ಕಳು ಮರಿ ಅದಾವು ಅವಂಗ. ಹೊಡದ್ರು, ಊರು ತಣ್ಣಗಾತು."

ಈ ಮಾತಿಗೆ ನನ್ನಲ್ಲಿ ಥಟ್ಟನೆ ಉತ್ತರ ಇರಲಿಲ್ಲ. 'ಕಾನೂನಿನ ಆಡಳಿತ' ಅನ್ನೋ ಪದ ಕಾಕಾನ ಅಂಗಳದಲ್ಲಿ ನಿಲ್ಲೋದಿಲ್ಲ. ಹಾಶಿಮ್‌ಪುರದಲ್ಲಿ 1987ರಲ್ಲಿ ಪಿಎಸಿ ಪೊಲೀಸರು ಮುಸ್ಲಿಂ ಗಂಡಸರನ್ನು ಟ್ರಕ್ಕಿನಲ್ಲಿ ಒಯ್ದು ಕೊಂದದ್ದಕ್ಕೆ ದೆಹಲಿ ಹೈಕೋರ್ಟ್ ಶಿಕ್ಷೆ ಕೊಟ್ಟಿದ್ದು 2018ರಲ್ಲಿ. 31 ವರ್ಷ! ಕೋರ್ಟಿನ ಮೇಲೆ ನಂಬಿಕೆ ಇಡಿ ಅಂತ ಯಾವ ಮುಖ ಇಟ್ಟುಕೊಂಡು ಹೇಳೋದು?

ಆದರೂ ಕಾಕಾನ ಮಾತಿನೊಳಗೇ ಒಂದು ಸೀಳು ಇದೆ. ಅವರ ಭಯ ಸಾಕ್ಷಿ ಹೇಳೋದರ ಬಗ್ಗೆ. ಎನ್‌ಕೌಂಟರ್ ಆ ಭಯವನ್ನು ಕಡಿಮೆ ಮಾಡೋದಿಲ್ಲ, ಸಾಕ್ಷಿಯೇ ಬೇಡ ಅನ್ನುತ್ತೆ, ಅಷ್ಟೇ. ಸಾಕ್ಷಿ ರಕ್ಷಣೆಗೆ ಅಂತ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲೇ ಒಪ್ಪಿದೆ. ಅದು ನಮ್ಮೂರಿಗೆ ಬಂತಾ ಅಂತ ಕೇಳಿ ಯಾರೂ ಸ್ಟೇಟಸ್ ಹಾಕಿದ್ದು ನಾನು ನೋಡಿಲ್ಲ. ಹೈದರಾಬಾದಿನ ಹತ್ತಿರ 2019ರ ಡಿಸೆಂಬರ್ 6ರಂದು ನಾಲ್ವರನ್ನು ಕೊಂದಾಗ ಪೊಲೀಸರ ಮೇಲೆ ಹೂಮಳೆ ಸುರಿಯಿತು. ಅವರಲ್ಲಿ ಮೂವರು ಇನ್ನೂ 18 ತುಂಬದವರು, ಪೊಲೀಸರು ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ ಅಂತ ಸಿರ್ಪುರ್ಕರ್ ಆಯೋಗ 2022ರಲ್ಲಿ ಹೇಳಿದಾಗ ಆ ಸುದ್ದಿಯನ್ನು ಎಷ್ಟು ಜನ ಪೂರ್ತಿ ಓದಿದೆವು?

ಮತ್ತೆ ಊರು ತಣ್ಣಗಾಗಿದ್ದೂ ಮೂರೇ ವರ್ಷ. 2020ರ ನವೆಂಬರ್ 2ರಂದು ವಿಜಯಪುರದ ಹತ್ತಿರ ಕನ್ನಾಳ ಕ್ರಾಸಿನಲ್ಲಿ ಎದುರು ಪಾರ್ಟಿಯ ಮುಖ್ಯಸ್ಥನ ಮೇಲೆ ಗುಂಡಿನ ದಾಳಿ ಆಯಿತು. ಅವನು ಬದುಕಿದ, ಜೊತೆಗಿದ್ದವರು ಸತ್ತರು. ಚಡಚಣದ ಸೇಡು ಅಂದರು ಪೊಲೀಸರು. ಆವತ್ತು ಕಾಕಾಗೆ ಫೋನ್ ಮಾಡಿದೆ. "ರಸ್ತೆ ಮ್ಯಾಲೆ ಹಾಡಹಗಲ ಆಗೈತಂತ" ಅಂದರು. ಯಾರಾದರೂ ನೋಡಿದವರು ಇದ್ದಾರೇನು ಅಂತ ಕೇಳಿದೆ. ಬೆಳೆಯ ವಿಷಯ ತೆಗೆದರು.